ಲಿಂಫೋಮಾ ರೋಗಿಗಳ ರಕ್ತ ಮತ್ತು ಅಸ್ಥಿಮಜ್ಜೆ ವರದಿಗಳಲ್ಲಿ ‘ಸಿಡಿ4’ ಕೋಶಗಳು: ಸಾರ್ವಜನಿಕರಿಗೆ ಮಾಹಿತಿ

ಲಿಂಫೋಮಾ ಎಂಬುದು ಬಿಳಿ ರಕ್ತಕಣಗಳ ಒಂದು ವರ್ಗವಾದ ಲಿಂಫೋಸೈಟ್‌ಗಳಲ್ಲಿ ಉಂಟಾಗುವ ಕ್ಯಾನ್ಸರ್ ಆಗಿರುತ್ತದೆ. ಇದರ ಚಿಕಿತ್ಸೆಗೆ ನೆರವು ಕೋರುವವರ ಪ್ರಯೋಗಾಲಯ ವರದಿಗಳಲ್ಲಿ ‘ಸಿಡಿ4’ ಎಂಬ ಪದ ಕಂಡುಬರಬಹುದು. ಎಚ್.ಐ.ವಿ. ಸೋಂಕಿಗೆ ಸಂಬಂಧಿಸಿದಂತೆ ಈ ಪದ ಹೆಚ್ಚು ಪರಿಚಿತವಾಗಿರುವುದರಿಂದ, ಕುಟುಂಬದವರು ಆತಂಕಗೊಂಡು ವರದಿಯನ್ನು ಮರೆಮಾಚುವ ಸಂಭವವಿರುತ್ತದೆ. ಈ ತಪ್ಪು ಕಲ್ಪನೆಯನ್ನು ನಿವಾರಿಸುವ ಸಲುವಾಗಿ ಕೆಳಕಂಡ ಮಾಹಿತಿಯನ್ನು ನೀಡಲಾಗಿದೆ.

1. ಸಹಾಯಕ ಟಿ ಕೋಶಗಳು ಎಂದರೇನು?

ಟಿ ಕೋಶಗಳ ಮೂಲಕೋಶಗಳು ಅಸ್ಥಿಮಜ್ಜೆಯಲ್ಲಿ ಹುಟ್ಟಿ, ಎದೆಯ ಭಾಗದಲ್ಲಿರುವ ಥೈಮಸ್ ಗ್ರಂಥಿಯಲ್ಲಿ ಪಕ್ವವಾಗುತ್ತವೆ. ಇವುಗಳ ಪೈಕಿ ಮೇಲ್ಮೈಯಲ್ಲಿ ಸಿಡಿ4 ಎಂಬ ಪ್ರೋಟೀನ್ ಹೊಂದಿರುವವುಗಳನ್ನು ಸಾಮಾನ್ಯವಾಗಿ ಸಹಾಯಕ ಟಿ ಕೋಶಗಳೆಂದು ಕರೆಯಲಾಗುತ್ತದೆ. ರೋಗಾಣುಗಳ ವಿರುದ್ಧ ಹೋರಾಡುವ ಇತರ ಕೋಶಗಳಿಗೆ ಸಂಕೇತ ನೀಡಿ ಅವುಗಳನ್ನು ಕಾರ್ಯಪ್ರವೃತ್ತಗೊಳಿಸುವುದು ಇವುಗಳ ಮುಖ್ಯ ಕೆಲಸ. ಆರೋಗ್ಯವಂತ ವಯಸ್ಕರ ಒಂದು ಮೈಕ್ರೋಲೀಟರ್ ರಕ್ತದಲ್ಲಿ ಇವು ಸುಮಾರು 500ರಿಂದ 1,500ರವರೆಗೆ ಇರುತ್ತವೆ.

2. ಲಿಂಫೋಮಾ ರೋಗಿಗಳಲ್ಲಿ ಈ ಸಂಖ್ಯೆ ಕಡಿಮೆಯಾಗುವುದೇಕೆ?

ಕಾಯಿಲೆಯಿಂದಲೂ, ಅದಕ್ಕೆ ನೀಡುವ ಕೀಮೋಥೆರಪಿಯಿಂದಲೂ ಸಂಖ್ಯೆ ಇಳಿಯಬಹುದು. ವಿಶೇಷವಾಗಿ ಫ್ಲುಡಾರಬಿನ್, ಬೆಂಡಾಮುಸ್ಟಿನ್ ಔಷಧಿಗಳ ನಂತರ ಇದು ಮೊದಲಿನ ಮಟ್ಟಕ್ಕೆ ಬರಲು ಹಲವು ತಿಂಗಳು, ಕೆಲವೊಮ್ಮೆ ಒಂದು ವರ್ಷಕ್ಕೂ ಹೆಚ್ಚು ಕಾಲ ಬೇಕಾಗುತ್ತದೆ. ವಯಸ್ಸಾದಂತೆ ಥೈಮಸ್ ಗ್ರಂಥಿ ಕುಗ್ಗುವುದರಿಂದ ಹಿರಿಯರಲ್ಲಿ ಚೇತರಿಕೆ ನಿಧಾನವಾಗಿರುತ್ತದೆ.

ಆದ್ದರಿಂದ ಸಿಡಿ4 ಸಂಖ್ಯೆ ಕಡಿಮೆ ಇದೆ ಎಂಬ ಮಾತ್ರಕ್ಕೆ ಎಚ್.ಐ.ವಿ. ಸೋಂಕಿದೆ ಎಂದು ಅರ್ಥವಲ್ಲ. ಸೋಂಕನ್ನು ಪ್ರತ್ಯೇಕ ಪರೀಕ್ಷೆಯಿಂದಲೇ ಖಚಿತಪಡಿಸಬೇಕು. ಎಚ್.ಐ.ವಿ. ಸೋಂಕಿತರಲ್ಲಿ ಲಿಂಫೋಮಾ ಸಂಭವ ಹೆಚ್ಚಾಗಿರುವುದರಿಂದ ವೈದ್ಯರು ಈ ಪರೀಕ್ಷೆಯನ್ನು ಸೂಚಿಸುವುದು ವಾಡಿಕೆ; ಇದರಲ್ಲಿ ಅನುಮಾನಕ್ಕೆ ಆಸ್ಪದವಿಲ್ಲ.

3. ಅಸ್ಥಿಮಜ್ಜೆ ವರದಿಯಲ್ಲಿ ಸಿಡಿ4 ಕೋಶಗಳಿದ್ದರೆ ಕ್ಯಾನ್ಸರ್ ಹರಡಿದೆಯೇ?

ಹಾಗೆ ತೀರ್ಮಾನಿಸುವಂತಿಲ್ಲ. ಆರೋಗ್ಯವಂತರ ಮಜ್ಜೆಯಲ್ಲಿಯೂ ಟಿ ಕೋಶಗಳಿರುತ್ತವೆ. ಹಾಡ್ಗ್‌ಕಿನ್ ಲಿಂಫೋಮಾದಲ್ಲಿ ಕ್ಯಾನ್ಸರ್ ಕೋಶಗಳು ಬಹಳ ವಿರಳವಾಗಿದ್ದು, ಅವುಗಳ ಸುತ್ತ ನೆರೆದಿರುವ ಸಾಮಾನ್ಯ ಕೋಶಗಳೇ ಹೆಚ್ಚಾಗಿರುತ್ತವೆ. ಅವುಗಳಲ್ಲಿ ಸಹಾಯಕ ಟಿ ಕೋಶಗಳೂ ಸೇರಿವೆ. ಆದರೆ ಕೆಲವು ಟಿ ಕೋಶ ಲಿಂಫೋಮಾಗಳಲ್ಲಿ ಸಿಡಿ4 ಕೋಶಗಳೇ ಕ್ಯಾನ್ಸರ್ ಕೋಶಗಳಾಗಿ ಮಾರ್ಪಟ್ಟಿರುತ್ತವೆ. ಕೋಶಗಳ ಆಕಾರ, ಜೋಡಣೆ ಹಾಗೂ ಇತರ ಗುರುತುಗಳನ್ನು ಒಟ್ಟಾಗಿ ಪರಿಶೀಲಿಸಿ ರೋಗಶಾಸ್ತ್ರ ತಜ್ಞರು ಅಭಿಪ್ರಾಯ ನೀಡುತ್ತಾರೆ. ಆದ್ದರಿಂದ ವರದಿಯ ಒಂದು ಸಾಲನ್ನು ಮಾತ್ರ ಓದದೆ ಅಂತಿಮ ಅಭಿಪ್ರಾಯದ ಭಾಗವನ್ನು ಗಮನಿಸತಕ್ಕದ್ದು.

4. ಸಂಖ್ಯೆ ಕಡಿಮೆ ಇರುವ ರೋಗಿಗಳು ವಹಿಸಬೇಕಾದ ಎಚ್ಚರಿಕೆ

ಅ) ಜ್ವರ 100.4 ಡಿಗ್ರಿ ಫ್ಯಾರನ್‌ಹೀಟ್ ಅಥವಾ ಹೆಚ್ಚಾದಲ್ಲಿ ಮನೆಮದ್ದಿನಲ್ಲಿ ಕಾಲ ಕಳೆಯದೆ ಕೂಡಲೇ ಆಸ್ಪತ್ರೆಗೆ ಹೋಗುವುದು.

ಆ) ನ್ಯುಮೋನಿಯಾ ಮುಂತಾದ ಸೋಂಕು ತಡೆಯಲು ನೀಡಿದ ಮಾತ್ರೆಗಳನ್ನು, ಆರೋಗ್ಯ ಸುಧಾರಿಸಿದಂತೆ ಕಂಡರೂ, ಸ್ವಂತ ತೀರ್ಮಾನದಿಂದ ನಿಲ್ಲಿಸದಿರುವುದು.

ಇ) ಯಾವುದೇ ಲಸಿಕೆ ಪಡೆಯುವ ಮುನ್ನ ಕ್ಯಾನ್ಸರ್ ತಜ್ಞರ ಸಲಹೆ ಪಡೆಯುವುದು. ಜೀವಂತ ರೋಗಾಣುಗಳಿರುವ ಲಸಿಕೆಗಳಿಂದ ಅಪಾಯವಾಗಬಹುದು.

5. ಅರ್ಜಿದಾರರ ಗಮನಕ್ಕೆ

ಲಿಂಫೋಮಾವನ್ನು ದೃಢಪಡಿಸುವುದು ಬಯಾಪ್ಸಿ ವರದಿಯೇ ಹೊರತು ಸಿಡಿ4 ಎಣಿಕೆಯಲ್ಲ. ಆದಕಾರಣ ಬಯಾಪ್ಸಿ ವರದಿಯ ಮೂಲಪ್ರತಿಯನ್ನು ಜೋಪಾನವಾಗಿರಿಸಿಕೊಳ್ಳುವುದು. 2018ರಲ್ಲಿ ಜಾರಿಗೆ ಬಂದ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಕ್ಯಾನ್ಸರ್ ಚಿಕಿತ್ಸೆಯೂ ಸೇರಿದ್ದು, ನೋಂದಾಯಿತ ಆಸ್ಪತ್ರೆಗಳಲ್ಲಿರುವ ಆರೋಗ್ಯ ಮಿತ್ರರಿಂದ ವಿವರ ಪಡೆಯಬಹುದಾಗಿದೆ.

ಎಚ್.ಐ.ವಿ. ಪರೀಕ್ಷೆಗೆ ರೋಗಿಯ ಒಪ್ಪಿಗೆ ಪಡೆಯುವುದು ಹಾಗೂ ಫಲಿತಾಂಶವನ್ನು ಗೌಪ್ಯವಾಗಿಡುವುದು 2017ರ ಎಚ್.ಐ.ವಿ. ಮತ್ತು ಏಡ್ಸ್ ಕಾಯ್ದೆಯ ಪ್ರಕಾರ ಅಗತ್ಯ. ಈ ಬಗ್ಗೆ ಉಚಿತ ಸಹಾಯವಾಣಿ 1097ನ್ನು ಸಂಪರ್ಕಿಸಬಹುದು.

ಸೂಚನೆ: ಇದು ಸಾಮಾನ್ಯ ತಿಳಿವಳಿಕೆಗಾಗಿ ಮಾತ್ರ. ಚಿಕಿತ್ಸೆಗೆ ಸಂಬಂಧಿಸಿದಂತೆ ವೈದ್ಯರ ಸಲಹೆಯಂತೆ ನಡೆದುಕೊಳ್ಳತಕ್ಕದ್ದು.