ಹಳೆಯ ಕಾರೂ ಎಣ್ಣೆಯ ದಾಹವೂ

ಮುದಿ ಎಂಜಿನ್ನು ಎಣ್ಣೆ ಕುಡಿಯುತ್ತದೆ ಎಂಬ ಮಾತು ಗ್ಯಾರೇಜುಗಳಲ್ಲಿ ಹೊರಟ ಕೂಡಲೇ, ‘ಬೋರ್ ಮಾಡಿಸಿಬಿಡಿ’ ಎಂಬ ಸಲಹೆಯೂ ಅದರ ಬೆನ್ನಿಗೇ ಬರುತ್ತದೆ. ನಮ್ಮ ತಂದೆಯವರು ಬಾಡಿಗೆಗೆ ಓಡಿಸುವ 1986ರ ಅಂಬಾಸಿಡರಿಗೆ ಕಳೆದ ವರ್ಷ ಇದೇ ಸಲಹೆ ದೊರಕಿತು. ಕೇಳಿದ ಹಣವು ನನ್ನ ಮೂರು ವರ್ಷಗಳ ಕಾಲೇಜು ಖರ್ಚಿಗಿಂತ ಹೆಚ್ಚಾಗಿದ್ದಿತು. ಅದನ್ನು ತೆರುವ ಮುನ್ನ ಎಣ್ಣೆ ಹೋಗುವುದಾದರೂ ಎಲ್ಲಿಗೆ ಎಂದು ನೋಡಬೇಕೆನಿಸಿತು. ಕಲಾ ವಿಭಾಗದವನಿಗೆ ಈ ಉಸಾಬರಿ ಏಕೆಂದು ಮಿತ್ರರು ನಕ್ಕದ್ದೂ ಉಂಟು!

ಎಣ್ಣೆ ಖರ್ಚಾಗುವುದು ಸೋರಿ, ಇಲ್ಲವೇ ಉರಿದು. ಸೋರಿಕೆಯನ್ನು ಕಾಣುವುದು ಸುಲಭ. ರಾತ್ರಿ ಕಾರಿನಡಿ ಹಳೆಯ ವೃತ್ತಪತ್ರಿಕೆಯನ್ನು ಹಾಸಿಟ್ಟರೆ ಬೆಳಗಿಗೆ ಹನಿಗಳೇ ಸಾಕ್ಷಿ ಹೇಳುತ್ತವೆ. ಉರಿದ ಎಣ್ಣೆಗೆ ಸೈಲೆನ್ಸರಿನ ನೀಲಿ ಹೊಗೆಯೇ ಗುರುತು. ಕಪ್ಪು ಹೊಗೆಯಾದರೆ ಅದು ಪೆಟ್ರೋಲು ಹೆಚ್ಚಾದುದರ ಲಕ್ಷಣ.

ಉರಿಯುವ ಎಣ್ಣೆಯು ಸಿಲಿಂಡರಿನೊಳಕ್ಕೆ ಬರಲು ಮುಖ್ಯವಾಗಿ ಎರಡು ದಾರಿಗಳಿವೆ. ಪಿಸ್ಟನ್ನಿನ ರಿಂಗುಗಳೂ ಸಿಲಿಂಡರಿನ ಗೋಡೆಯೂ ಸವೆದಿದ್ದರೆ ಅದು ಕೆಳಗಿನಿಂದ ಏರಿಬರುತ್ತದೆ. ವಾಲ್ವಿನ ಕಾಂಡವು ಆಡುವ ಗೈಡು ಸವೆದು, ಅಲ್ಲಿನ ರಬ್ಬರ್ ಸೀಲು ಶಾಖದಿಂದ ಗಟ್ಟಿಯಾಗಿದ್ದರೆ ಮೇಲಿನಿಂದ ಇಳಿಯುತ್ತದೆ. ಮೊದಲನೆಯದಕ್ಕೆ ಎಂಜಿನ್ನನ್ನೇ ಬಿಚ್ಚಬೇಕು. ಬರಿಯ ಸೀಲು ಕೆಟ್ಟಿದ್ದರೆ ಮೇಲಿನ ಕೆಲಸವಷ್ಟೇ ಸಾಕು. ಖರ್ಚಿನ ಅಂತರವೆಲ್ಲ ಇರುವುದು ಇಲ್ಲಿಯೇ.

ಯಾವ ದಾರಿಯೆಂಬುದನ್ನು ಹೊಗೆ ಬರುವ ವೇಳೆಯೇ ಬಹುಮಟ್ಟಿಗೆ ತಿಳಿಸುತ್ತದೆ. ಏರಿನಲ್ಲಿ, ಭಾರ ಹೊತ್ತಾಗ ಹೊಗೆ ಬಿಡದೆ ಬಂದರೆ ರಿಂಗಿನ ಮೇಲೆ ಸಂಶಯ ಪಡಬೇಕು. ನಮ್ಮ ಕಾರು ಬೆಳಗ್ಗೆ ಸ್ಟಾರ್ಟಾದೊಡನೆ ಒಂದು ಮೋಡ ಉಗುಳಿ ಸುಮ್ಮನಾಗುತ್ತಿತ್ತು. ರಾತ್ರಿಯಿಡೀ ಗೈಡಿನಿಂದ ತೊಟ್ಟಿಕ್ಕಿದ ಎಣ್ಣೆ ಅದು. ಆಗುಂಬೆ ಘಾಟಿಯನ್ನು ಆಕ್ಸಿಲರೇಟರ್ ಬಿಟ್ಟು ಗೇರಿನಲ್ಲಿ ಇಳಿದು, ಕೆಳಗೆ ಮತ್ತೆ ಒತ್ತಿದಾಗಲೂ ಹಾಗೆಯೇ. ಥ್ರಾಟಲ್ ಮುಚ್ಚಿದಾಗ ಒಳದಾರಿಯಲ್ಲಿ ಎಳೆತ ಬಲವಾಗಿ, ಸಡಿಲ ಗೈಡಿನಿಂದ ಎಣ್ಣೆಯನ್ನು ಹೀರುತ್ತದೆ.

ಆದರೂ ಹೊಗೆಯೊಂದನ್ನೇ ನಂಬಲಾಗದು. ಪರಿಚಯದ ಮೆಕ್ಯಾನಿಕರೊಬ್ಬರಿಂದ ಕಂಪ್ರೆಷನ್ ಪರೀಕ್ಷೆ ಮಾಡಿಸಿದೆವು. ಎಂಜಿನ್ನು ಬಿಸಿಯಿರುವಾಗ ಸ್ಪಾರ್ಕ್ ಪ್ಲಗ್ಗುಗಳನ್ನೆಲ್ಲ ತೆಗೆದು, ಒಂದೊಂದೇ ರಂಧ್ರಕ್ಕೆ ಮಾಪಕ ಕೂರಿಸಿ ಸ್ಟಾರ್ಟರಿನಿಂದ ತಿರುಗಿಸಬೇಕು; ಬಳಿಕ ಒಂದು ಚಮಚ ಎಣ್ಣೆ ಹಾಕಿ ಮತ್ತೆ ಅಳೆಯಬೇಕು. ಸವೆದ ರಿಂಗಿನ ಸಂದನ್ನು ಎಣ್ಣೆ ಮುಚ್ಚುವುದರಿಂದ ಒತ್ತಡವು ಗಣನೀಯವಾಗಿ ಏರುತ್ತದೆ. ನಮ್ಮದರಲ್ಲಿ ನಾಲ್ಕು ಸಿಲಿಂಡರುಗಳೂ ಹೆಚ್ಚುಕಡಿಮೆ ಸಮನಾಗಿದ್ದವು, ಎಣ್ಣೆಯಿಂದ ಹೆಚ್ಚೇನೂ ಏರಲಿಲ್ಲ. ರಿಂಗು ನಿರಪರಾಧಿ!

ಅಂಬಾಸಿಡರಿನ 1489 ಸಿ.ಸಿ. ಪೆಟ್ರೋಲ್ ಎಂಜಿನ್ನಿನಲ್ಲಿ ಈ ಸೀಲು ಒಂದು ಪುಟ್ಟ ರಬ್ಬರ್ ಬಳೆ. ಕಾರಿನ ತಯಾರಿಕೆ 2014ರಲ್ಲಿ ನಿಂತರೂ ಬಳೆಗಳು ನಮಗೆ ಸಿಕ್ಕವು. ತೆಗೆದ ಹಳೆಯವು ಬೆರಳಲ್ಲಿ ಒತ್ತಿದರೆ ಪುಡಿಯಾದವು.

ಮಂದ ಎಣ್ಣೆ ಹಾಕಿ ನೋಡಿ ಎಂದವರೂ ಇದ್ದರು. ಅದರಿಂದ ಖರ್ಚು ತುಸು ತಗ್ಗಬಹುದು, ಸವೆತವಂತೂ ಹಿಂದಿರುಗದು. ನಿಜವಾದ ಅಪಾಯವಿರುವುದು ಮಟ್ಟ ನೋಡದೆ ಓಡಿಸುವುದರಲ್ಲಿ. ಎಣ್ಣೆ ಬತ್ತಿದರೆ ಬೇರಿಂಗುಗಳು ಕಚ್ಚಿಕೊಂಡು ಎಂಜಿನ್ನೇ ಹೋಗುತ್ತದೆ. ಆದುದರಿಂದ ತಂದೆಯವರು ಈಗ ಸಮನೆಲದಲ್ಲಿ ಕಾರು ನಿಲ್ಲಿಸಿ, ಕಡ್ಡಿ ಎಳೆದು ನೋಡಿ, ಹಾಕಿದ ಎಣ್ಣೆಯನ್ನೂ ಓಡಿದ ಕಿಲೋಮೀಟರನ್ನೂ ನನ್ನ ಹಳೆಯ ನೋಟುಪುಸ್ತಕದಲ್ಲಿ ಬರೆದಿಡುತ್ತಾರೆ. ಮೊದಲು ಸಾವಿರ ಕಿಲೋಮೀಟರಿಗೆ ಒಂದೂವರೆ ಲೀಟರು ಬೇಡುತ್ತಿದ್ದ ಕಾರಿಗೆ ಈಗ ಕಾಲು ಲೀಟರು ಸಾಕಾಗಿದೆ.