ತೋಳ್ಬಲದ ನಂತರವೂ ಉಳಿಯುವ ವಿದ್ಯೆ

ದೇಹಬಲಕ್ಕೆ ಅವಧಿಯಿದೆ, ಕಲಿತ ವಿದ್ಯೆಗೆ ಅಂತಹ ಅವಧಿಯಿಲ್ಲ. ಅಮೆರಿಕದ ಡೇನಿಯಲ್ ಕಾರ್ಮಿಯರ್ ಅವರ ಬದುಕು ಇದನ್ನು ತೋರಿಸುತ್ತದೆ.

2004ರ ಅಥೆನ್ಸ್ ಒಲಿಂಪಿಕ್ಸ್ ಕುಸ್ತಿಯಲ್ಲಿ ಅವರು ನಾಲ್ಕನೆಯವರಾದರು. 2008ರಲ್ಲಿ ಬೀಜಿಂಗ್‌ಗೆ ಹೋದರೂ ಕಣಕ್ಕಿಳಿಯಲಾಗಲಿಲ್ಲ. ತೂಕದ ಮಿತಿಗೆ ಬರಲು ದೇಹವನ್ನು ಅತಿಯಾಗಿ ದಂಡಿಸಿದ್ದರಿಂದ ಮೂತ್ರಪಿಂಡಗಳು ಕೈಕೊಟ್ಟಿದ್ದವು. ಆಹಾರ, ನೀರು ಬಿಟ್ಟು ದಿಢೀರನೆ ತೂಕ ಇಳಿಸುವುದು ಎಷ್ಟು ಅಪಾಯಕಾರಿ ಎಂಬುದನ್ನು ಜಿಮ್‌ಗೆ ಹೋಗುವ ನಮ್ಮ ಮಕ್ಕಳೂ ಅರಿಯಬೇಕು.

ಮರುವರ್ಷ, ಮೂವತ್ತರ ವಯಸ್ಸಿನಲ್ಲಿ, ಅವರು ಕುಸ್ತಿ, ಗುದ್ದು, ಒದೆತಗಳೆಲ್ಲ ಸೇರಿದ ಮಿಶ್ರ ಸಮರಕಲೆಗೆ ಬಂದರು. ನಮ್ಮ ಯುವಕರಿಗೆ ಚಿರಪರಿಚಿತರಾದ ಖಬೀಬ್ ನುರ್ಮಗೊಮೆದೊವ್ ಅವರ ಜೊತೆ ಸ್ಯಾನ್ ಹೋಸೆಯ ಒಂದೇ ಜಿಮ್‌ನಲ್ಲಿ ಬೆವರು ಸುರಿಸಿದರು. 2018ರಲ್ಲಿ ಯುಎಫ್‌ಸಿಯ ಎರಡು ತೂಕವಿಭಾಗಗಳ ಪಟ್ಟ ಏಕಕಾಲಕ್ಕೆ ಅವರದಾಯಿತು.

2020ರಲ್ಲಿ, 41ರ ವಯಸ್ಸಿನಲ್ಲಿ, ಕೊನೆಯ ಪಂದ್ಯ ಸೋತು ನಿವೃತ್ತರಾದರು. ಆದರೆ ಕೈ ಖಾಲಿಯಾಗಲಿಲ್ಲ. ಆಡುತ್ತಿದ್ದಾಗಲೇ ಅವರು ವೀಕ್ಷಕ ವಿವರಣೆ ಆರಂಭಿಸಿದ್ದರು. ನೆಲಕ್ಕೆ ಬಿದ್ದವನು ಹೇಗೆ ತಪ್ಪಿಸಿಕೊಳ್ಳಬಹುದು, ಯಾವ ಹಿಡಿತ ಸಡಿಲವಾಗುತ್ತಿದೆ ಎಂಬುದನ್ನು ಸ್ವತಃ ಬಿದ್ದು ಎದ್ದವರು ಹೇಳಿದಾಗ ನೋಡುಗರಿಗೆ ಆಟ ಅರ್ಥವಾಗುತ್ತದೆ.

ಮಕ್ಕಳು ಆಡಲಿ. ಜೊತೆಗೆ ಆಟವನ್ನು ಅರಿಯಲಿ, ಅರಿತದ್ದನ್ನು ಹೇಳಲೂ ಕಲಿಯಲಿ. ಆಟ ಮುಗಿದ ಮೇಲೆ ಕೈಹಿಡಿಯುವುದು ಅದೇ.