ಇಬ್ಭಾಗವಾದ ನಾಡಿಗೆ ಎರಡು ಹಾಡು

1917ರ ಶರತ್ಕಾಲ. ಹೆಲ್ಸಿಂಕಿ ಸಮೀಪದ ಯಾರ್ವೆನ್‌ಪ್ಯಾದಲ್ಲಿದ್ದ ಸಂಗೀತಗಾರ ಜಾನ್ ಸಿಬೇಲಿಯಸ್‌ನ ಮನೆ ಐನೋಲಾಗೆ ಒಂದು ಕವಿತೆ ಕದ್ದುಮುಚ್ಚಿ ಬಂತು. ಬರೆದವನು ಹೈಕ್ಕಿ ನೂರ್ಮಿಯೊ. ಅವನಿದ್ದದ್ದು ಜರ್ಮನ್ನರ ಹಿಡಿತದಲ್ಲಿದ್ದ ಲಿಬೌನಲ್ಲಿ, ಅಂದರೆ ಇಂದಿನ ಲಾಟ್ವಿಯಾದ ಲಿಯೆಪಾಯದಲ್ಲಿ. ಫಿನ್ಲೆಂಡ್ ಇನ್ನೂ ರಷ್ಯಾದ ಅಧೀನ. ರಷ್ಯಾಕ್ಕೂ ಜರ್ಮನಿಗೂ ಯುದ್ಧ. 1915ರಿಂದಲೇ ಸುಮಾರು 1,900 ಫಿನ್ನಿಷ್ ಯುವಕರು ಗುಟ್ಟಾಗಿ ಗಡಿ ದಾಟಿ ಆ ಜರ್ಮನಿಯನ್ನೇ ಸೇರಿದ್ದರು. ಅವರಿಂದ ಕಟ್ಟಿದ ದಳ ಪ್ರಷ್ಯಾದ 27ನೇ ಯೇಗರ್ ಬೆಟಾಲಿಯನ್. ನೂರ್ಮಿಯೊ ಇದ್ದದ್ದೂ ಅದರಲ್ಲೇ. ರಷ್ಯಾದ ಕಣ್ಣಿಗೆ ಇದು ದೇಶದ್ರೋಹ. ಅಂಥವರ ಹಾಡಿಗೆ ರಾಗ ಹಾಕುವುದೂ ಅಪಾಯವೇ.

ಸಿಬೇಲಿಯಸ್ ಹಾಕಿದ. ಹೆಲ್ಸಿಂಕಿಯಲ್ಲಿ ಅದು ಮೊದಲು ಕೇಳಿಸಿದ್ದು 1918ರ ಜನವರಿಯಲ್ಲಿ.

ಅಷ್ಟರಲ್ಲಿ, 1917ರ ಡಿಸೆಂಬರ್ 6ರಂದು, ದೇಶ ಸ್ವತಂತ್ರವಾಗಿತ್ತು. ರಷ್ಯಾದ ವಿರುದ್ಧ ಹುಟ್ಟಿದ ಆ ‘ಯೇಗರ್ ಮಾರ್ಚ್’ ಇಡೀ ನಾಡಿನ ಹಾಡಾಗಬೇಕಿತ್ತು. ಆಗಲಿಲ್ಲ. ಜನವರಿ ಕೊನೆಗೆ ಅಂತರ್ಯುದ್ಧ ಹೊತ್ತಿಕೊಂಡಿತು. ಫೆಬ್ರುವರಿಯಲ್ಲಿ ವಾಸಾ ಬಂದರಿಗೆ ಬಂದಿಳಿದ ಯೇಗರ್‌ಗಳಲ್ಲಿ ಹೆಚ್ಚಿನವರು ಸರ್ಕಾರದ ಪರವಾದ ‘ಬಿಳಿಯರ’ ಸೈನ್ಯ ಸೇರಿ, ಕೂಲಿಕಾರರೂ ಗೇಣಿದಾರರೂ ತುಂಬಿದ್ದ ಕೆಂಪು ಪಡೆಯ ಎದುರು ನಿಂತರು. ಕೆಂಪು ಪಡೆಯವರು ಐನೋಲಾವನ್ನೇ ಜಾಲಾಡಿದರು. ಸಿಬೇಲಿಯಸ್ ಸಂಸಾರ ಸಮೇತ ಹೆಲ್ಸಿಂಕಿಯ ಲಾಪಿನ್‌ಲಾಹ್ತಿ ಮಾನಸಿಕ ಆಸ್ಪತ್ರೆಯಲ್ಲಿ ವೈದ್ಯನಾಗಿದ್ದ ತಮ್ಮನ ಆಶ್ರಯಕ್ಕೆ ಹೋದ. ಬಿಳಿಯರು ಗೆದ್ದ ಮೇಲೆ ಸೆರೆಶಿಬಿರಗಳಲ್ಲಿ ಹಸಿವು, ರೋಗಗಳಿಂದ ಸತ್ತ ಕೆಂಪು ಕೈದಿಗಳೇ 12,000ಕ್ಕೂ ಹೆಚ್ಚು. ಅವರ ವಿಧವೆಯರು, ಮಕ್ಕಳು ಗೆದ್ದವರ ಆ ಹಾಡನ್ನು ಯಾವ ಬಾಯಿಂದ ಹಾಡಿಯಾರು?

1919ರಲ್ಲಿ ಎಫ್. ಇ. ಸಿಲನ್‌ಪ್ಯಾ ಎಂಬ ಬಡ ರೈತನ ಮಗ ‘ಹುರ್ಸ್ಕಸ್ ಕುರ್ಯೂಸ್’ ಕಾದಂಬರಿ ಬರೆದ. ಅದರ ನಾಯಕ ಯೂಹಾ ತೊಯ್ವೊಲಾ, ಬಿಳಿಯರ ಗುಂಡಿಗೆ ಬಲಿಯಾಗುವ ಒಬ್ಬ ಗೇಣಿದಾರ. ಗೆದ್ದವರ ದರ್ಬಾರಿನ ನಡುವೆ, ಸೋತವನನ್ನು ಮನುಷ್ಯನಾಗಿ ಕಂಡ ಧೈರ್ಯ ಅದು.

ಇಪ್ಪತ್ತು ವರ್ಷಗಳ ಬಳಿಕ ಸೈನಿಕರ ಹಾಡು ಬರೆದವನೂ ಇದೇ ಸಿಲನ್‌ಪ್ಯಾ. 1939ರ ಶರತ್ಕಾಲದಲ್ಲಿ ಸ್ಟಾಲಿನ್‌ನ ಬೇಡಿಕೆಗಳು ಬಿಗಿಯಾಗುತ್ತಿದ್ದವು. ಮೀಸಲು ಪಡೆಗೆ ಕರೆ ಹೋಯಿತು. ಅವನ ಮಗನೂ ಹೊರಟ. ಆಗ ಬರೆದ ಸಾಲುಗಳಿಗೆ ಐಮೊ ಮುಸ್ತೊನೆನ್ ರಾಗ ಹಾಕಿದ. ಅದೇ ‘ಸಿಲನ್‌ಪ್ಯಾ ಮಾರ್ಚ್ ಗೀತೆ’. ನವೆಂಬರ್‌ನಲ್ಲಿ ಸಿಲನ್‌ಪ್ಯಾಗೆ ನೊಬೆಲ್ ಘೋಷಣೆಯಾಯಿತು. ಅದೇ ತಿಂಗಳ 30ರಂದು ಹೆಲ್ಸಿಂಕಿಯ ಮೇಲೆ ಸೋವಿಯತ್ ಬಾಂಬ್ ಬಿತ್ತು. 105 ದಿನ ನಡೆದ ಚಳಿಗಾಲದ ಯುದ್ಧದಲ್ಲಿ ಕೆಂಪರ ಮಕ್ಕಳೂ ಬಿಳಿಯರ ಮಕ್ಕಳೂ ಒಂದೇ ಕಂದಕದಲ್ಲಿದ್ದರು. ಯೂಹಾ ತೊಯ್ವೊಲಾನಿಗಾಗಿ ಮರುಗಿದವನ ಹಾಡನ್ನು ಹಾಡಲು ಯಾರಿಗೂ ಸಂಕೋಚಪಡುವ ಕಾರಣವಿರಲಿಲ್ಲ. 1940ರ ವಸಂತದಲ್ಲಿ, ಬಿಳಿಯರ ದಂಡನಾಯಕನಾಗಿದ್ದ ಮ್ಯಾನರ್‌ಹೈಮ್ ತಾನೇ 1918ರ ಗೆಲುವಿನ ನೆನಪಿನ ಮೇ 16ರ ವಿಜಯೋತ್ಸವ ನಿಲ್ಲಿಸಿ, ಮಡಿದವರೆಲ್ಲರ ಸ್ಮರಣೆಗೆ ಒಂದು ದಿನ ಗೊತ್ತುಮಾಡಿದ. ಅದರಲ್ಲಿ 1918ರ ಎರಡೂ ಕಡೆಯವರು ಸೇರಿದ್ದರು.

ಬೇಸರದ ಸಂಗತಿಯೆಂದರೆ, ಇಂದು ಅಂತರ್ಜಾಲದಲ್ಲಿ ಫಿನ್ನರ ಯುದ್ಧಗೀತೆಯೆಂದು ಹೊರಗಿನವರು ಹಂಚಿಕೊಳ್ಳುವುದು ಹೆಚ್ಚಾಗಿ ‘ನ್ಯೆತ್ ಮೊಲೊತೊಫ್’. ಸೋವಿಯತ್ ವಿದೇಶಾಂಗ ಮಂತ್ರಿಯನ್ನು ಗೇಲಿ ಮಾಡುವ ಅದನ್ನು ತತು ಪೆಕ್ಕರಿನೆನ್ ಬರೆದ, ಮತ್ತಿ ಯುರ್ವ ಹಾಡಿದ. ಧಾಟಿ ಮಾತ್ರ ರಷ್ಯನ್ನರದೇ. ಚಳಿಗಾಲದ ಯುದ್ಧದ ದನಿಯೆಂದು ಜನ ನಂಬಿರುವ ಆ ಹಾಡು ಧ್ವನಿಮುದ್ರಣವಾದದ್ದು 1942ರಲ್ಲಿ. ಅಷ್ಟರಲ್ಲಿ ಆ ಯುದ್ಧ ಮುಗಿದು ಎರಡು ವರ್ಷ ಕಳೆದಿತ್ತು, ಫಿನ್ಲೆಂಡ್ ಜರ್ಮನಿಯ ಜೊತೆಗೂಡಿ ಮತ್ತೊಂದು ಯುದ್ಧಕ್ಕಿಳಿದಿತ್ತು.